ಸಾಬರು ಸಾಯಗೊಡದ ಮುದುಕ

ಚೂಡಿದಾರದ ತೋಳು ಬಿಗಿಯಾಗಿದೆ ಅಂತ ಚಾಮರಾಜನಗರದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಟೈಲರ್ ಅಂಗಡಿಗೆ ಹೊಲಿಗೆ ಬಿಡಿಸಲು ಕೊಟ್ಟಿದ್ದೆ. ಮೊನ್ನೆ ತಂದು ಮನೆಯಲ್ಲಿ ಕವರ್ ಬಿಚ್ಚಿದರೆ ಮಿಷನ್ ಎಣ್ಣೆಯ ವಾಸನೆ ರಪ್ಪನೆ ಮೂಗಿಗೆ ಹೊಡೆಯಿತು. ಇಂಥ ವಾಸನೆಗಳಿಂದ ಕೆಲವರಿಗೆ ಬಾಲ್ಯವೆಲ್ಲ ಸಿಹಿಸಿಹಿಯಾಗಿ ನೆನಪಾಗುತ್ತದಂತೆ. ಆಗಲಿ, ಅವರ ಪುಣ್ಯ. ನನಗೆ ಬಂದದ್ದು ಕೆಟ್ಟ ಸಿಟ್ಟು. ಗುಂಡ್ಲುಪೇಟೆಯ ನಮ್ಮ ಮನೆಯ ಎದುರು ಸಾಲಿನಲ್ಲಿ ಕೂತು ಹೊಲಿಯುತ್ತಿದ್ದ ಟೈಲರ್ ಸಾಬರ ಮೇಲೆ ಅರ್ಧ ಸಿಟ್ಟು, ನಮ್ಮ ಚಿಕ್ಕಪ್ಪನ ಮೇಲೆ ಉಳಿದದ್ದೆಲ್ಲ.

ಸಾಬರೇನು ನಯವಾದ ಮನುಷ್ಯರಾಗಿರಲಿಲ್ಲ. ಅಳತೆ ತೆಗೆಯುವಾಗ ಸ್ವಲ್ಪ ಅಲುಗಾಡಿದರೆ ಸಾಕು, “ನೆಟ್ಗೆ ನಿಂತ್ಕೊ ಕೂಸೇ, ಜೋಳದ ಕಡ್ಡಿ ಥರ ಅಲ್ಲಾಡ್ಬೇಡ” ಅಂತ ಗದರುತ್ತಿದ್ದರು. ದಸರಾಕ್ಕೆ ಅಂತ ಕೊಟ್ಟ ಲಂಗ ದೀಪಾವಳಿಗೆ ಕೈಗೆ ಬರುತ್ತಿತ್ತು. ಯಾಕೆ ತಡ ಅಂತ ಕೇಳಿದರೆ ಬೈಗುಳ ನಮಗೇ. ಆದರೆ ವಾರಕ್ಕೊಂದು ಸಂಜೆ ಅದೇ ಮನುಷ್ಯ ಮಿಷನ್ನಿಗೆ ಬಟ್ಟೆ ಹೊದಿಸಿ, ಕೈಕಾಲು ತೊಳೆದು, ನಮ್ಮ ಮನೆಯ ಜಗಲಿ ಹತ್ತಿ ಬಂದರೆ ಅವರ ಗತ್ತೇ ಬೇರೆ.

ಆಗ ನಾನು ಎಂಟನೇ ಕ್ಲಾಸು. ವಾರದ ಆ ಸಂಜೆ ನಮ್ಮ ಕಪ್ಪುಬಿಳುಪು ಟಿವಿಯಲ್ಲಿ ಹಿಂದಿಯದೊಂದು ಗೂಢಚಾರನ ಧಾರಾವಾಹಿ ಬರುತ್ತಿತ್ತು. ನಾಯಕ ಓಡುವ ರೈಲಿನಿಂದ ಹಾರುತ್ತಿದ್ದ, ಪೆನ್ನಿನೊಳಗೆ ಕ್ಯಾಮೆರಾ ಇಟ್ಟುಕೊಂಡು ವೈರಿಗಳ ಅಡ್ಡೆಗೆ ನುಗ್ಗುತ್ತಿದ್ದ, ಕಪ್ಪು ಕನ್ನಡಕ ತೆಗೆಯದೆಯೇ ಬಂದವರನ್ನೆಲ್ಲ ಕೆಡವುತ್ತಿದ್ದ. ಹೊಡೆದಾಟ ನಮಗೆಲ್ಲರಿಗೂ ತಿಳಿಯುತ್ತಿತ್ತು. ಮಾತು ಶುರುವಾಯಿತೋ, ಎಲ್ಲರೂ ಪೆಚ್ಚು. ಶಾಲೆಯಲ್ಲಿ ಕಲಿತ ನನ್ನ ಹಿಂದಿ ಪೆನ್ನು, ಪುಸ್ತಕ, ಕುರ್ಚಿ ದಾಟಿರಲಿಲ್ಲ. ಮನೆಯಲ್ಲಿ ಉರ್ದು ಆಡುವ ಸಾಬರಿಗೆ ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು. ಅದಕ್ಕೇ ಅಜ್ಜಿ ಅವರನ್ನು ಕರೆಸುತ್ತಿದ್ದಳು.

ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಟಿವಿಯಲ್ಲಿ ಬೆಳಕು ಅಲ್ಲಾಡುವುದಷ್ಟೇ ಅವಳಿಗೆ ಕಾಣುತ್ತಿದ್ದದ್ದು. ಸಾಬರು ಅವಳ ಚಾಪೆಯ ಪಕ್ಕ ಕುರ್ಚಿ ಹಾಕಿಕೊಂಡು, ಒಂದು ಕಣ್ಣು ಟಿವಿಯ ಮೇಲಿಟ್ಟು ಕತೆ ಹೇಳುತ್ತಿದ್ದರು. ಅಕ್ಕಪಕ್ಕದವರೂ ಬಂದು ಸುತ್ತ ಕೂರುತ್ತಿದ್ದರು. ಯಾರಾದರೂ ಕೆಮ್ಮಿದರೆ ಸಾಬರು ಕಣ್ಣು ಬಿಡುತ್ತಿದ್ದರು. ನಾಯಕ ನಾಯಕಿ ಹತ್ತಿರ ಬಂದರೆ, “ಏನೋ ಮಾತಾಡ್ಕತಾವರೆ ಬುಡವ್ವ, ನಮ್ಗ್ಯಾಕೆ” ಅಂತ ಕಾಫಿ ಲೋಟ ಎತ್ತುತ್ತಿದ್ದರು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಆ ಕತೆಯಲ್ಲಿ ಒಬ್ಬ ಮುದುಕನಿದ್ದ. ಉತ್ತರದ ಕಡೆಯ ಯಾವುದೋ ಊರಿನ ಸಂದಿಯಲ್ಲಿ ಗಡಿಯಾರ ರಿಪೇರಿ ಮಾಡುವವನು. ಬಿಳಿ ಗಡ್ಡ, ತಲೆಗೆ ಟೋಪಿ. ಅವನು ಬಂದಾಗಲೆಲ್ಲ ಹಿನ್ನೆಲೆಯಲ್ಲಿ ಏನೋ ಕೆಟ್ಟದಾಗುತ್ತದೆ ಅನ್ನುವಂಥ ಸಂಗೀತ. ನನಗೆ ಅವನನ್ನು ಕಂಡರೆ ಭಯ. ಸಾಬರು ಮಾತ್ರ, “ಎದುರ್ಕಬೇಡ ಕೂಸೇ, ಅವ್ನು ನಮ್ಮ ಕಡೆಯೋನೇ. ಆ ಈರೋ ಇದಾನಲ್ಲ, ಅವನ ಇಲಾಖೇಲೆ ದೊಡ್ಡ ಆಪೀಸರು. ಯಾರ್ಗೂ ಗೊತ್ತಾಗ್ದಂಗೆ ಇಲ್ಲಿ ಗಡಿಯಾರ ಬಿಚ್ಕಂಡು ಕೂತವನೆ” ಅನ್ನುತ್ತಿದ್ದರು. ಅಜ್ಜಿಗೆ ನಾಯಕನ ಮೇಲೆ ಅಷ್ಟಕ್ಕಷ್ಟೆ. ಅವಳ ಜೀವವೆಲ್ಲ ಆ ಮುದುಕನ ಮೇಲೆ. ವಾರವಿಡೀ ಅಕ್ಕಿ ಆರಿಸುವಾಗ, ಸೊಪ್ಪು ಬಿಡಿಸುವಾಗ, “ಪಾಪ, ಹೆಂಡ್ರು ಮಕ್ಳ ಬುಟ್ಟು ದೇಶಕ್ಕೋಸ್ಕರ ಆ ಸಂದೀಲಿ ಕೂತವ್ನೆ. ಊಟಕ್ಕೆ ಏನ್ ಮಾಡ್ಕತಾನೋ” ಅಂತ ಮರುಗುತ್ತಿದ್ದಳು.

ಹೀಗಿರುವಾಗ ಒಂದು ವಾರ ಚಿಕ್ಕಪ್ಪ ಮನೆಯಲ್ಲಿದ್ದ. ಅಜ್ಜಿಯ ಕಿರಿಯ ಮಗ. ಲಾರಿ ಓಡಿಸಿಕೊಂಡು ನಾಗಪುರ, ಮುಂಬಯಿ ಅಂತ ತಿರುಗಿ ಹಿಂದಿ ನೀರು ಕುಡಿದಷ್ಟು ಸಲೀಸಾಗಿ ಆಡುತ್ತಿದ್ದ. ಅದನ್ನು ನಾಲ್ಕು ಜನರೆದುರು ತೋರಿಸದಿದ್ದರೆ ಅವನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು, ಸಾಬರು ಹೇಳುವುದನ್ನು ಕೇಳುತ್ತ, ಮೀಸೆಯಲ್ಲೇ ನಗುತ್ತಿದ್ದ. ಯಾಕೆ ನಗುತ್ತಾನೆ ಅಂತ ನನಗೆ ತಿಳಿಯಲಿಲ್ಲ.

ಆ ಸಂಜೆ ಟಿವಿಯಲ್ಲಿ ನಾಯಕ ಗಡಿಯಾರದಂಗಡಿಯ ಬಾಗಿಲು ಒದ್ದು ಒಳಗೆ ನುಗ್ಗಿದ. ಮುದುಕ ಎರಡೂ ಕೈ ಎತ್ತಿದ. ನಾಯಕ ಪಿಸ್ತೂಲು ಹಿಡಿದು ಉದ್ದಕ್ಕೆ ಏನೋ ಹೇಳಿದ... ಆ ಮಾತನ್ನು ಸಾಬರು ಕನ್ನಡಕ್ಕೆ ತಿರುಗಿಸಲಿಲ್ಲ. ಆಮೇಲೆ ಢಂ ಅಂತ ಶಬ್ದ. ಮುದುಕ ಗಡಿಯಾರಗಳ ಮೇಲೆ ಬಿದ್ದ.

“ಏನಾಯ್ತು ಸಾಬ್ರೇ? ಯಾರ್ಗೆ ಒಡುದ್ರು?” ಅಜ್ಜಿ ಕೈ ಚಾಚಿ ಕುರ್ಚಿಯ ಕಾಲು ಹಿಡಿದುಕೊಂಡಳು.

ಸಾಬರು ಅವಳ ಕಡೆ ಬಾಗಿದರು. “ಏನಿಲ್ಲ ಕಣವ್ವ. ಇದೆಲ್ಲ ನಾಟ್ಕ. ಅಂಗಿ ಒಳ್ಗೆ ಬಣ್ಣದ ಚೀಲ ಕಟ್ಕಂಡವ್ನೆ. ವೈರಿಗಳು ಸತ್ತ ಅನ್ಕಳ್ಳಿ ಅಂತ ಇಬ್ರೂ ಮಾತಾಡ್ಕಂಡೇ ಮಾಡಿದ್ದು. ಮುಂದಿನ ವಾರ ಎದ್ದು ಬತ್ತಾನೆ, ನೋಡ್ತಿರಿ.”

ಅಜ್ಜಿ ಉಸಿರು ಬಿಟ್ಟಳು. ಆಗ ಚಿಕ್ಕಪ್ಪ ನಕ್ಕ ನೋಡಿ... ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

“ಏನ್ ಸಾಬ್ರೇ, ಎಂಥಾ ರೀಲು ಬುಡ್ತೀರ! ಅವ್ನು ಬಾಂಬ್ ಇಡೋರ ಯಜಮಾನ ಅಂತ ಈಗ ತಾನೇ ಈರೋ ಬಾಯ್ಬುಟ್ಟು ಹೇಳ್ದ. ಮೊದಲ್ನಿಂದ್ಲೂ ಅವ್ನೇ ಕಳ್ಳ. ನಿಮ್ಮೋನು ಅಂತ ಮುಚ್ಚಾಕ್ತಿದ್ದೀರಾ?”

ಕೂತಿದ್ದವರಲ್ಲಿ ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ಉಳಿದವರು ಟಿವಿ ನೋಡುತ್ತಿರುವಂತೆ ಮಾಡಿದರು. ನಿಜ ಹೇಳುತ್ತೇನೆ, ಹಾಳಾದವರು ಒಬ್ಬರಾದರೂ “ಸುಮ್ನಿರಲಾ” ಅನ್ನಲಿಲ್ಲ. ಅಜ್ಜಿಯೊಬ್ಬಳೇ, “ನಿಂಗೇನ್ಲಾ ಗೊತ್ತು? ಸಾಬ್ರು ಹೇಳಿದ್ದೇ ಸರಿ” ಅಂತ ಕೂಗಾಡಿದಳು. ಸಾಬರು ಲೋಟ ಕೆಳಗಿಟ್ಟು ಎದ್ದರು. “ಬತ್ತೀನಿ ಕಣವ್ವ” ಅಂದರು. ಜಗಲಿ ಇಳಿದು ಹೋದರು.

ಮತ್ತೆ ಬರಲಿಲ್ಲ. ಮುಂದಿನ ವಾರ ಅಜ್ಜಿ ಅವರನ್ನು ಕರೆತರಲು ನನ್ನನ್ನು ಅಟ್ಟಿದಳು. “ಕೆಲ್ಸ ಐತೆ” ಅಂದರು. ಅದರ ಮುಂದಿನ ವಾರವೂ ಅದೇ ಉತ್ತರ. ಬಟ್ಟೆ ಕೊಟ್ಟರೆ ಹೊಲಿಯುತ್ತಿದ್ದರು. ಹೇಳಿದ ದಿನಕ್ಕೇ ಕೊಡುತ್ತಿದ್ದರು ಕೂಡ. ನನ್ನನ್ನು ಕೂಸೇ ಅನ್ನುವುದನ್ನು ಬಿಟ್ಟು “ತಗೊಳ್ಳಿ” ಅನ್ನತೊಡಗಿದರು. ಗಿರಾಕಿಗೆ ಕೊಡುವ ಮರ್ಯಾದೆ. ಆ ಮರ್ಯಾದೆಗೆ ಬೆಂಕಿ ಬೀಳಲಿ! ಎಂಟನೇ ಕ್ಲಾಸಿನ ಹುಡುಗಿ ಏನು ಮಾಡಿದ್ದೆ ನಾನು?

ಧಾರಾವಾಹಿ ನಡೆದೇ ಇತ್ತು. ಮುದುಕ ಅದರಲ್ಲಿ ಮತ್ತೆ ಕಾಣಿಸಿಕೊಳ್ಳಲಿಲ್ಲ. ಅಜ್ಜಿ ಮಾತ್ರ ಟಿವಿಯ ಮುಂದೆ ಕೂತು ಪ್ರತಿಸಲ, “ಎದ್ನಾ ಕಣಮ್ಮಿ? ಬಿಳಿ ಗಡ್ಡ ಕಾಣುಸ್ತಾ?” ಅಂತ ಕೇಳುತ್ತಿದ್ದಳು. ಇಲ್ಲ ಅಂದರೆ, “ನಿಂಗೆ ಗೊತ್ತಾಗಲ್ಲ ಬುಡು, ಸಾಬ್ರೇ ಹೇಳ್ಬೇಕು” ಅನ್ನುತ್ತಿದ್ದಳು.

ಕೊನೆಗೊಂದು ಮಧ್ಯಾಹ್ನ ನನ್ನ ಭುಜ ಹಿಡಿದುಕೊಂಡು ಅವಳೇ ಬೀದಿ ದಾಟಿದಳು. ಅಂಗಡಿಯ ಮೆಟ್ಟಿಲ ಬಳಿ ನಿಂತು ಕೇಳಿದಳು: “ಸಾಬ್ರೇ, ಆ ಮುದುಕಪ್ಪ ಎದ್ನಾ?”

ಮಿಷನ್ ನಿಂತಿತು. ಸಾಬರು ತಲೆ ಎತ್ತಲಿಲ್ಲ. ಸೂಜಿಯ ಕೆಳಗಿನ ಬಟ್ಟೆಯನ್ನೇ ನೋಡುತ್ತ ಹೇಳಿದರು.

“ಇಲ್ಲ ಕಣವ್ವ. ಅವ್ನು ಸತ್ತೋದ.”

ಮತ್ತೆ ಮಿಷನ್ ತುಳಿಯತೊಡಗಿದರು. ಇದೇ, ಇದಕ್ಕೇ ನಾನು ಅವರನ್ನು ಕ್ಷಮಿಸದೇ ಇರುವುದು. ಎದ್ದ ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅಷ್ಟು ವಾರ ಹೇಳಿದವರಿಗೆ ಇನ್ನೊಂದು ಮಾತು ಭಾರವಾಯಿತೇ? ಚಿಕ್ಕಪ್ಪನ ಮೇಲಿನ ಸಿಟ್ಟನ್ನು ಕಣ್ಣು ಕಾಣದ ಮುದುಕಿಯ ಮೇಲೆ ತೀರಿಸಿಕೊಂಡರು ಅಂತ ಆಗ ಅಂದುಕೊಂಡಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ... ಆದರೂ ಸಿಟ್ಟು ಇದ್ದಲ್ಲೇ ಇದೆ. ಅಷ್ಟು ದೊಡ್ಡ ಊರಿನಲ್ಲಿ ಗುಂಡು ಹೊಡೆಸಲು ಟೋಪಿಯ ಮುದುಕನನ್ನೇ ಹುಡುಕಿದ ಆ ಕತೆ ಬರೆದವನ ಮೇಲೂ ಇದೆ.

ಅಜ್ಜಿ ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು, ಮನೆಯಲ್ಲಿ ಸಾವಾದರೆ ಮಾಡುವ ಹಾಗೆ. ರಾತ್ರಿ ಊಟ ಮಾಡಲಿಲ್ಲ. ಆಮೇಲೆ ಯಾವತ್ತೂ ಟಿವಿಯ ಮುಂದೆ ಕೂರಲಿಲ್ಲ. ಕಣ್ಣು ಇದ್ದವರೆಲ್ಲ ನೋಡಿಕೊಳ್ಳಿ ಅನ್ನುವಂತೆ ಅಡಿಗೆಮನೆ ಸೇರಿದಳು. ಅಲ್ಲಿಂದ ಒಂದು ವರ್ಷ ಬದುಕಿದ್ದಳೋ ಇಲ್ಲವೋ.

ಸಾಬರು ಮುಂದೆ ಅಂಗಡಿ ಮುಚ್ಚಿ ಚಾಮರಾಜನಗರದ ಮಗಳ ಮನೆಗೆ ಹೋದರು. ಕೆಲಸ ಸಿಕ್ಕಿ ನಾನೂ ಅದೇ ಊರಿಗೆ ಬಂದೆ. ಇಷ್ಟು ವರ್ಷ ಒಂದೇ ಊರಿನಲ್ಲಿದ್ದೂ ಹುಡುಕಿಕೊಂಡು ಹೋಗಲಿಲ್ಲ. ಅವರಾಗಿ ಬಿಟ್ಟವರು, ಅವರೇ ಬರಲಿ ಅನ್ನುವ ಹಟ. ಹೋದ ವರ್ಷ ತೀರಿಕೊಂಡರಂತೆ. ಮಣ್ಣಾದ ಎಷ್ಟೋ ದಿನದ ಮೇಲೆ ನನಗೆ ಸುದ್ದಿ ಸಿಕ್ಕಿತು. ಹಟ ಹಿಡಿದು ಕೂರಲು ಎದುರಿಗೆ ಆ ಮನುಷ್ಯನೇ ಇಲ್ಲ ಈಗ.

ಭಾನುವಾರ ಗುಂಡ್ಲುಪೇಟೆಗೆ ಹೋಗಿದ್ದೆ. ಚಿಕ್ಕಪ್ಪನಿಗೆ ಈಗ ಮಂಡಿ ನೋವು, ಲಾರಿ ಬಿಟ್ಟಿದ್ದಾನೆ. ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಗೂಢಚಾರರ ಸೀರಿಯಲ್ಲನ್ನೇ ನೋಡುತ್ತಿದ್ದ, ಕನ್ನಡಕ್ಕೆ ಡಬ್ ಮಾಡಿದ್ದು. ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಗುಂಡಿನ ಶಬ್ದ. ಸಾಬರು ಹೋದ ವಿಷಯ ಹೇಳಿದೆ. ಮೊಬೈಲು ಮಗುಚಿಟ್ಟು, ನಿಜವಾಗಿಯೂ ಮುಖ ಸಣ್ಣದು ಮಾಡಿಕೊಂಡ.

“ಅಯ್ಯೋ ಪಾಪ. ಒಳ್ಳೇ ಮನ್ಸ ಕಣಮ್ಮಿ. ಅವ್ವಂಗೆ ಎಷ್ಟು ಚೆನ್ನಾಗಿ ಕತೆ ಹೇಳ್ತಿದ್ದ! ಆಮ್ಯಾಕೆ ಯಾಕೋ ನಮ್ಮನೆ ಕಡೆ ಬರೋದೇ ಬುಟ್ಬುಟ್ಟ. ಯಾಕೇಂತ ನಿಂಗೇನಾರ ಗೊತ್ತಾ?”

ನನ್ನ ಮೈಯೆಲ್ಲ ಉರಿಯಿತು. ಆ ಸಂಜೆ ನಡೆದದ್ದನ್ನು ಒಂದೂ ಬಿಡದೆ ಅವನ ಮುಖಕ್ಕೇ ಹೇಳಿದೆ, ಅವನು ಆಡಿದ ಮಾತನ್ನು ಅವನು ಆಡಿದಂತೆಯೇ. ಚಿಕ್ಕಪ್ಪ ಬಾಯಿ ತೆರೆದುಕೊಂಡು ಕೇಳಿದ. ಕೊನೆಗೆ ತಲೆ ಅಲ್ಲಾಡಿಸಿದ.

“ನಾನಾ? ಚೇ ಚೇ, ಇರಾಕಿಲ್ಲ ಬುಡು. ನಾನ್ಯಾಕಮ್ಮಿ ಸಾಬ್ರಿಗೆ ಅಂಗಂದೇನು?”

ಹೌದು, ನೀನು ಅಂದಿದ್ದೆ ಅಂತ ಹೇಳಲು ಅಜ್ಜಿಯೂ ಇಲ್ಲ, ಸಾಬರೂ ಇಲ್ಲ. ಮೊಬೈಲು ತಿರುಗಿಸಿಕೊಂಡು ಚಿಕ್ಕಪ್ಪ ಮತ್ತೆ ಅದನ್ನೇ ನೋಡತೊಡಗಿದ.