ಬೆನ್ನಿನ ತೂತು ಮುಚ್ಚಿದ ಕೈ

ಕೊರೊನಾ ಕಳೆದ ಮರುವರ್ಷ ಹುಣಸೂರಿನಲ್ಲಿ ನನ್ನದೇ ಶೆಡ್ಡಿನಲ್ಲಿ ಐದು ಜನರಿಗೆ ಸಿರಾಮಿಕ್ ಶಿಲ್ಪ ಕಲಿಸುತ್ತಿದ್ದೆ. ಮನುಷ್ಯಾಕೃತಿಗಳೇ ನಮ್ಮ ಕೆಲಸ. ಆ ಜೂನ್‌ನಲ್ಲಿ ಕೆ.ಆರ್. ನಗರದ ಖಾಸಗಿ ಶಾಲೆಯೊಂದಕ್ಕೆ ಒಬ್ಬ ಕಲಾಶಿಕ್ಷಕರು ಬೇಕಾಗಿದ್ದರು. ಸೋಮವಾರದ ಸಂದರ್ಶನಕ್ಕೆ ಸುಟ್ಟ ಶಿಲ್ಪವೊಂದು, ಕಲಿಸಿದವರ ಶಿಫಾರಸು ಪತ್ರವೊಂದು ತರಬೇಕಿತ್ತು. ನನ್ನವರಲ್ಲಿ ಇಬ್ಬರು ಆಸೆಪಟ್ಟಿದ್ದರು: ಸವಿತಾ, ಮತ್ತು ಹ್ಯಾಂಡ್‌ಪೋಸ್ಟ್‌ ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಮಂಜುನಾಥ.

ಸವಿತಾ ಮಾಡಿದ್ದು ಕಾಲು ಮಡಚಿ ಕುಳಿತ ಬಸುರಿ, ಒಂದೂವರೆ ಅಡಿ. ಇಂಥ ಆಕೃತಿಯನ್ನು ಒಳಗೆ ಟೊಳ್ಳು ಮಾಡಿ, ಬೆನ್ನಿನಲ್ಲಿ ಕಡಲೆಕಾಳು ತೂರುವಷ್ಟು ತೂತು ಬಿಡುತ್ತೇವೆ. ಕಿಲ್ನ್ ಎಂಬ ಗೂಡಿನಲ್ಲಿ ಸುಡುವಾಗ ಒಳಗಿನ ತೇವ ಆವಿಯಾಗಿ ಹೋಗಲು ಅದೇ ದಾರಿ. ಅವಳು ತೂತು ಬಿಟ್ಟದ್ದನ್ನು ನಾನೇ ನೋಡಿದ್ದೆ.

"ನಿನ್ ಬಸುರಿಗೆ ಕಿಲ್ನಲ್ಲೇ ಎರಿಗೆ ಆಗ್ಬುಡ್ತದೆ, ಸೂಲಗಿತ್ತೀನ ಕರ್ಸು ಕಣಮ್ಮ," ಎಂದ ಮಂಜುನಾಥ. ಎಲ್ಲರೂ ನಕ್ಕೆವು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಬೆನ್ನು ಮತ್ತೆ ತಿರುಗಿಸಿ ನೋಡದೆ ಬಸುರಿಯನ್ನು ಒಳಗಿಟ್ಟು ವಿದ್ಯುತ್ ಕಿಲ್ನ್ ಹಾಕಿದೆ. ಹನ್ನೊಂದೂವರೆಗೆ ಪುಸ್ತಕದಲ್ಲಿ 180 ಡಿಗ್ರಿ ಎಂದು ಬರೆಯುತ್ತಿದ್ದಂತೆ ಒಳಗೆ ಢಬ್ ಎಂದಿತು. ಮಾರನೆಯ ದಿನ ಬಸುರಿಯ ಚೂರು ಆಯುವಾಗ ಬೆನ್ನಿನ ತುಂಡು ಸಿಕ್ಕಿತು. ತೂತಿರಲಿಲ್ಲ. ಯಾರೋ ಮಣ್ಣು ತುಂಬಿ, ಹೊರಗೆ ಗುರುತೂ ಸಿಗದಂತೆ ನೇವರಿಸಿದ್ದರು.

ಬುಧವಾರ ಶೆಡ್ಡಿನ ಬೀಗದ ಕೈ ಮಂಜುನಾಥನ ಬಳಿ ಇತ್ತು. ಅಷ್ಟು ನಯವಾದ ಕೈ ಅವನದೇ ಎಂದುಕೊಂಡೆ. ಒಮ್ಮೆ ಹಾಗೆಂದುಕೊಂಡ ಮೇಲೆ ಎಲ್ಲವೂ ಸಾಕ್ಷಿಯೇ: ಅವನು ಆ ದಿನ ಟೀ ಬೇಡವೆಂದದ್ದು, ಬೇಗ ಬಸ್ ಹಿಡಿದದ್ದು, ಚೂರು ನೋಡಿ ಸುಮ್ಮನಿದ್ದದ್ದು.

ಎಲ್ಲರೆದುರೇ ಕೇಳಿದೆ. "ಮಂಜುನಾಥ, ಇದು ನಿನ್ನ ಕೆಲಸವೇ?"

"ತಮಾಸೆ ಮಾಡ್ದೆ ನಿಜ ಮೇಡಂ. ಇನ್ನೊಬ್ರ ಗೊಂಬೆ ಮುಟ್ಟೋ ಜಾಯಮಾನ ನಂದಲ್ಲ."

"ಪತ್ರದ ವಿಷಯ ಯೋಚಿಸಿ ಹೇಳುತ್ತೇನೆ," ಎಂದೆ. ಅವನು ಚೀಲ ಹೆಗಲಿಗೇರಿಸಿ ಹೊರಟ.

ಸೋಮವಾರ ಸವಿತಾ ಗೊಂಬೆಯ ಬರೀ ಫೋಟೋ ಹಿಡಿದು ಹೋದಳು, ಅವನು ಪತ್ರವಿಲ್ಲದೆ ಹೋದ. ಕೆಲಸ ಮೂರನೆಯವರ ಪಾಲಾಯಿತು.

ಎರಡು ದಿನ ಕಳೆದು, ಸವಿತಾಳ ತಾಯಿ ಪುಟ್ಟಮ್ಮ ಕಪಾಟು ಒರೆಸುತ್ತಿದ್ದರು. ಪಿರಿಯಾಪಟ್ಟಣದ ಕುಂಬಾರರ ಮನೆಯ ಸೊಸೆ. ಆ ತಿಂಗಳಿಂದ ನಮ್ಮ ಶೆಡ್ಡಿನಲ್ಲಿ ಮಣ್ಣು ತುಳಿದು ಹದ ಮಾಡುತ್ತಿದ್ದವರು ಅವರೇ. ಒಣಗಲಿಟ್ಟಿದ್ದ ಇನ್ನೊಬ್ಬರ ಗೊಂಬೆಯನ್ನು ತಿರುಗಿಸಿದವರು, ಸೊಪ್ಪಿನ ರೇಟು ಹೇಳುತ್ತಲೇ ಒಂದು ಚಿಟಿಕೆ ಹಸಿಮಣ್ಣು ತೆಗೆದು ಬೆನ್ನಿಗೆ ಒತ್ತಿ ಹೆಬ್ಬೆರಳಿನಿಂದ ತೀಡಿದರು.

"ಏನು ಮಾಡಿದಿರಿ ಪುಟ್ಟಮ್ಮ?"

"ತೂತ ಬಿದ್ದಿತ್ತಲ್ಲ ಮೇಡಮ್ಮೋರೆ, ಮುಚ್ದೆ. ತೂತಿರೋ ಮಡ್ಕೆಯ ಸುಡಾಕೆ ಆವ್ಗೆಗಿಕ್ಕುದ್ರೆ ನಮ್ಮತ್ತೆ ಕೈಮ್ಯಾಲೆ ಬಾರಿಸೋರು."

"ಸವಿತಾಳದ್ದೂ ಮುಚ್ಚಿದ್ದಿರಾ?"

"ಊಂ ಮತ್ತೆ! ನನ್ ಮಗಳ್ದು ಬುಟ್ಬುಡ್ತೀನಾ?"

ಪಕ್ಕದಲ್ಲಿದ್ದ ಸವಿತಾ ಕೆಲಸ ನಿಲ್ಲಿಸಿ ನನ್ನತ್ತ ತಿರುಗಿದಳು. ಗೊಂಬೆ ಒಡೆದದ್ದು ಅದರಿಂದಲೇ ಎಂದು ತಾಯಿಗೆ ಹೇಳಬೇಡಿ ಎಂಬಂತೆ ಕೈಸನ್ನೆ ಮಾಡಿದಳು.

ಅಂದೇ ಪತ್ರ ಬರೆದು ಹ್ಯಾಂಡ್‌ಪೋಸ್ಟ್‌ಗೆ ಹೋದೆ. ಮಂಜುನಾಥ ನೀರು ಕೊಟ್ಟ, ಕುರ್ಚಿ ಹಾಕಿದ, ನಾನು ಹೇಳಿದ್ದನ್ನೆಲ್ಲ ಕೇಳಿದ. ಆಮೇಲೆ ಒಂದೇ ಮಾತು: "ಶೆಡ್ನಲ್ಲಿ ಅಷ್ಟು ಜನ ಇದ್ವಲ್ಲ ಮೇಡಂ, ನನ್ನೊಬ್ಬನ್ನೇ ಯಾಕ್ ಕೇಳುದ್ರಿ?"

ಪತ್ರವನ್ನು ಅವನ ಮುಂದಿಟ್ಟು ಬಂದೆ. ಅವನು ಮತ್ತೆ ತರಗತಿಗೆ ಬಂದ, ಆದರೆ ಶೆಡ್ಡಿನ ಬೀಗದ ಕೈ ಮಾತ್ರ ಎಂದೂ ಮುಟ್ಟಲಿಲ್ಲ.

ತೂತು ಏಕೆ ಬೇಕೆಂದು ಇಪ್ಪತ್ತು ವರ್ಷ ವಿದ್ಯಾರ್ಥಿಗಳಿಗೆ ಹೇಳಿದ್ದೆ, ಮಣ್ಣು ತುಳಿಯುವವರಿಗೆ ಒಮ್ಮೆಯೂ ಹೇಳಿರಲಿಲ್ಲ. ಒಡೆದ ಗೊಂಬೆಗೆ ಕಾರಣ ಹುಡುಕುವಾಗ ನಾನೇನು ಕಲಿಸದೆ ಬಿಟ್ಟೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇದು, ಇನ್ನೊಬ್ಬರ ಖರ್ಚಿನಲ್ಲಿ.