ದಂಟಿನ ಕಡಾಣಿ

ಬಂಡಿಯ ಗಾಲಿ ಜಾರಿ ಹೊರಗೆ ಬರದಂತೆ ಅಚ್ಚಿನ ತುದಿಯ ತೂತಿನಲ್ಲಿ ಒಂದು ಕಬ್ಬಿಣದ ಕೀಲು ಇರುತ್ತದೆ. ನಮ್ಮ ಕಡೆ ಅದಕ್ಕೆ ಕಡಾಣಿ ಎನ್ನುತ್ತಾರೆ. ಗೇಣುದ್ದವೂ ಇರದ ಆ ಕಬ್ಬಿಣ ಇಂದಿಗೂ ನನ್ನ ಕನಸಿಗೆ ಬರುತ್ತದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಜಾಪುರದ ಕಾಲೇಜಿನಿಂದ ಸಂಕ್ರಮಣಕ್ಕೆಂದು ಊರಿಗೆ ಬಂದಿದ್ದೆ. ಮುದ್ದೇಬಿಹಾಳ ಸೀಮೆಯ ನಮ್ಮೂರಿನವರು ಆ ದಿನ ಬಂಡಿ ಕಟ್ಟಿಕೊಂಡು ಕೃಷ್ಣೆಗೆ ಹೋಗುತ್ತಿದ್ದರು. ಎಳ್ಳು ಅರಿಸಿನ ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ದಂಡೆಯಲ್ಲಿ ಕೂತು ಸಜ್ಜೆ ರೊಟ್ಟಿ ಉಂಡು ಬರುವುದು ರೂಢಿ. ಎಲ್ಲರೂ ನೀರಿಗಿಳಿದಾಗ ಮೇಲಿನ ಬಂಡಿಗಳಿಗೆ ಕಾವಲಿರುತ್ತಿರಲಿಲ್ಲ. ಹಿಂದೊಮ್ಮೆ ನಮ್ಮ ಓಣಿಯವರ ಬಂಡಿ ಎತ್ತುಗಳ ಸಮೇತ ಹೋದದ್ದು ಮತ್ತೆ ಸಿಗಲೇ ಇಲ್ಲ. ಅಂದಿನಿಂದ ಬಂಡಿ ಬಿಟ್ಟು ಇಳಿಯುವಾಗ ಅಪ್ಪ ಒಂದು ಕಡಾಣಿ ಕಿತ್ತು ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಮುಳುಗು ಹಾಕುವಾಗಲೂ ಅದು ಅವನ ಸೊಂಟದಲ್ಲಿ ತೂಗುತ್ತಿತ್ತು.

ಆ ವರ್ಷ ಅಕ್ಕ ಚೊಚ್ಚಲ ಕೂಸಿನೊಂದಿಗೆ ತವರಿಗೆ ಬಂದಿದ್ದಳು. ಸಿಂದಗಿಯಿಂದ ಭಾವನೂ ಬಂದಿದ್ದ. ದಾರಿಯಲ್ಲಿ ಅಪ್ಪ ಅವನನ್ನು ಕೆಣಕಿದ.

“ಅಳಿಯಂದ್ರ, ನಿಮ್ಮ ಸಿಂದಗ್ಯಾಗ ಬಂಡಿ ಹಂಗ ಬಿಟ್ಟು ಹೋಗ್ತೀರೇನು?”

“ನಮ್ಮ ಬಂಡಿ ಕಳ್ಳರಿಗೂ ಬ್ಯಾಡ್ರಿ ಮಾವಾರ. ಅಷ್ಟು ಹಳೇದೈತಿ.”

ಮಧ್ಯಾಹ್ನ ಅಪ್ಪ ಅವ್ವ ಇನ್ನೂ ನೀರಿನಲ್ಲೇ ಇದ್ದರು. ನಾವು ಮೂವರು ಮಿಂದು ಬಂಡಿಯ ಹತ್ತಿರ ಬಂದಿದ್ದೆವು. ಬಿಸಿಲಿಗೆ ಕೂಸು ಒಂದೇ ಸಮನೆ ಅಳುತ್ತಿತ್ತು.

“ಮುಖ ಕೆಂಪಾಗೈತಿ ನೋಡ್ರಿ. ಆ ಬೇವಿನ ಗಿಡದ ನೆರಳಿಗಿ ಬಂಡಿ ಹೊಡೀರಿ” ಎಂದಳು ಅಕ್ಕ.

ಭಾವ ಬಗ್ಗಿ ಎರಡೂ ಗಾಲಿ ನೋಡಿದ. ಎರಡೂ ತೂತುಗಳಲ್ಲಿ ಕೀಲೆಣ್ಣೆ ಮೆತ್ತಿದ ಕರಿ ತುದಿ ಕಾಣುತ್ತಿತ್ತು. “ಮಾವಾರು ಈ ಸಲ ಕಡಾಣಿ ಕೀಳೂದು ಮರತಾರ. ಚಲೋ ಆತು” ಎಂದು ನಕ್ಕು ಎತ್ತು ಹೂಡಿದ. ಅಕ್ಕ ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ಹತ್ತಿದಳು. ನಾನು ಹಿಂದೆ ನಡೆದೆ.

ಬೇವಿನ ಗಿಡದ ದಾರಿ ಹೊಳೆಯ ಕಡೆಗೆ ಓರೆಯಾಗಿತ್ತು. ಅಂಚಿನಾಚೆ ಎರಡಾಳು ಆಳ, ಕೆಳಗೆ ಬಂಡೆಗಲ್ಲು. ಸ್ವಲ್ಪ ದೂರ ಹೋಗುತ್ತಲೇ ಆ ಕಡೆಯ ಗಾಲಿಯಿಂದ ಏನೋ ಮುರಿದು ಮಣ್ಣಿಗೆ ಬಿತ್ತು. ಮುರಿದಲ್ಲಿ ಅದು ಬೆಳ್ಳಗಿತ್ತು, ಜೋಳದ ದಂಟಿನ ಒಳಗಿನ ಬೆಂಡಿನ ಹಾಗೆ. ದಂಟೇ ಅದು. ನನ್ನ ಕಣ್ಣು ಅದನ್ನು ನೋಡಿತು, ಬುದ್ಧಿ ಹಿಂದೆ ಉಳಿಯಿತು. ಅದೇ ಹೊತ್ತಿಗೆ ಹೊಳೆಯಿಂದ ಅಪ್ಪ ಕೂಗಿದ. ಎದೆಮಟ್ಟದ ನೀರಿನಲ್ಲಿ ನಿಂತು ಕೈ ಬೀಸುತ್ತಿದ್ದ. ಮುಳುಗುತ್ತಿದ್ದಾನೆಂದು ಇಬ್ಬರು ಅವನತ್ತ ಈಜಿದರು. ಅವನ ಮುಷ್ಟಿಯಲ್ಲಿದ್ದ ಕಡಾಣಿ ಬಿಸಿಲಿಗೆ ಮಿಂಚಿತು.

ಗಾಲಿ ಮೆಲ್ಲಗೆ, ಸದ್ದಿಲ್ಲದೆ ಅಚ್ಚಿನಿಂದ ಹೊರಗೆ ಸರಿಯಿತು. ಈಗಲೂ ಕಣ್ಣು ಮುಚ್ಚಿದರೆ ಅದು ಹಾಗೆಯೇ ಸರಿಯುತ್ತದೆ. ನಾನು “ಭಾವಾ” ಎನ್ನುವಷ್ಟರಲ್ಲಿ ಅಚ್ಚು ನೆಲಕ್ಕೆ ಬಡಿದು, ಬಂಡಿ ಕಂದರದ ಕಡೆ ವಾಲಿ, ಆ ಕಡೆಯ ಎತ್ತು ಮೊಣಕಾಲೂರಿತು. ಕೌದಿ ಕೂಸಿನ ಸಮೇತ ಹಲಗೆಯ ಮೇಲೆ ಜಾರಿತು. ಅಕ್ಕ ಒಂದು ಕೈಯಲ್ಲಿ ಬಂಡಿಯ ಗೂಟ ಹಿಡಿದು, ಇನ್ನೊಂದರಲ್ಲಿ ಕೌದಿಯ ಮೂಲೆ ಹಿಡಿದಿದ್ದಳು. ಕೌದಿಯ ಹೊಲಿಗೆ ಪಟಪಟನೆ ಬಿಚ್ಚುತ್ತಿತ್ತು. ಕೂಸಿನ ಕೆಳಗೆ ಬರಿ ಗಾಳಿ ಇತ್ತು. ಭಾವ ಹಗ್ಗ ಜಗ್ಗಿ ಎತ್ತುಗಳನ್ನು ತಡೆದು ನಿಂತ. ನಾನು ಅಂಚಿನಲ್ಲಿ ಬೋರಲು ಬಿದ್ದು ಕೂಸನ್ನು ಎಳೆದುಕೊಂಡೆ. ಗಾಲಿ ಬಂಡೆಯಿಂದ ಬಂಡೆಗೆ ಪುಟಿಯುತ್ತ ನೀರಿಗೆ ಬಿದ್ದ ಸದ್ದು ಆಮೇಲೆ ಕೇಳಿತು.

ಅಪ್ಪ ಒದ್ದೆ ಮೈಯಲ್ಲಿ ಓಡಿ ಬಂದ. ಖಾಲಿ ತೂತಿಗೆ ಕಳ್ಳ ಕಟ್ಟಿಗೆಯ ಚೂರು ಬಡಿದುಕೊಂಡು ಹೋದಾನೆಂದು, ಎತ್ತಿಗೆ ತಂದ ಕಣಿಕೆಯಿಂದ ಒಂದು ದಂಟು ಮುರಿದು, ಎಣ್ಣೆ ಬಳಿದು ಅಲ್ಲಿ ಇಟ್ಟಿದ್ದನಂತೆ. ಕಳ್ಳ ಮೋಸಹೋಗಿ ದಾರಿಯಲ್ಲಿ ಬೀಳಲಿ ಎಂದು.

“ನಮಗರೆ ಹೇಳಬಾರದಿತ್ತೇನ್ರಿ?” ಎಂದಳು ಅವ್ವ.

“ಹೇಳಿದ್ರ ನಾಕು ಮಂದಿ ಕಿವಿಗಿ ಬೀಳ್ತಿತ್ತು.”

ಅಕ್ಕ ಕೂಸನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. “ಕಳ್ಳಗೂ ಕೂಸು ಇರ್ತೈತಿ, ಅಪ್ಪಾ” ಎಂದಳು.

ಅಂದಿನಿಂದ ನಾನು ಆ ಕಳ್ಳನನ್ನು ಕನಸಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಬಂಡಿಯಲ್ಲಿ ಅವನ ಹೆಂಡತಿ ಕೂತಿರುತ್ತಾಳೆ, ಅವಳ ಕೈಯಲ್ಲಿ ಕೌದಿ ಇರುತ್ತದೆ, ಹೊಳೆಯಿಂದ ಯಾರೂ ಕೂಗುವುದಿಲ್ಲ.

ಮುಂದಿನ ಸಂಕ್ರಮಣಕ್ಕೆ ಅಪ್ಪ ಕಡಾಣಿ ಕೀಳಲಿಲ್ಲ, ನೀರಿಗೂ ಇಳಿಯಲಿಲ್ಲ. ನಾವು ತಿರುಗಿ ಬರುವವರೆಗೆ ಗಾಲಿಗೆ ಒರಗಿ ಕಾವಲು ಕೂತ. ಅವ್ವ ಕೊಡದಲ್ಲಿ ಹೊಳೆಯ ನೀರು ತಂದು ಅಲ್ಲಿಯೇ ಅವನ ತಲೆಗೆ ಹೊಯ್ದಳು. ಹೊರಡುವಾಗ ಅಕ್ಕ ಬಂಡಿ ಹತ್ತಲಿಲ್ಲ. ಕೂಸನ್ನು ನನ್ನ ಕೈಗೆ ಕೊಟ್ಟು, ಬಗ್ಗಿ, ಒಂದೊಂದೇ ಕಡಾಣಿಯ ಎಣ್ಣೆ ಒರೆಸಿ ಉಗುರಿನಿಂದ ಕೆರೆದು ನೋಡಿದಳು. ಕಬ್ಬಿಣ ಕಿರ್ ಎಂದಿತು. ಅಪ್ಪ ಎತ್ತಿನ ಕೊರಳು ಸವರುತ್ತ ಆ ಕಡೆ ತಿರುಗಿಕೊಂಡು ನಿಂತಿದ್ದ.