ನೆತ್ತರನ್ನು ಕರೆಯುವ ಗಂಟು

ಶಿವದಾರ ಸವೆದರೆ ಹೊಸದು ಹಾಕಿಕೊಳ್ಳುವುದು ನಮ್ಮಂಥ ಮನೆಗಳಲ್ಲಿ ಹೇಳಿಕೊಳ್ಳುವ ಸಂಗತಿಯೇನಲ್ಲ. ಆದರೆ ಸಿಂಗಟಗೆರೆಯಲ್ಲಿರುವ ನನ್ನ ಅತ್ತಿಗೆ, ಗಿರಿಜಮ್ಮ, ಇನ್ನೂ ಗಟ್ಟಿಯಾಗಿದ್ದ ದಾರವನ್ನು ಬಿಚ್ಚಿ ಅದಕ್ಕಿಂತ ಒಂದು ಗೇಣು ಉದ್ದನೆಯದನ್ನು ಹಾಕಿಕೊಂಡರು. ಎದೆಯ ಮೇಲಿರುತ್ತಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಹೊಟ್ಟೆಯ ಹತ್ತಿರಕ್ಕೆ ಇಳಿಯಿತು. ಎಡ ಸ್ತನದಲ್ಲಿ ಹುಣಸೆಬೀಜದಷ್ಟು ಗಂಟೊಂದು ಕೈಗೆ ಸಿಕ್ಕಿತ್ತಂತೆ. ಚಿಕ್ಕಂದಿನಿಂದ ಅದೇ ಜಾಗಕ್ಕೆ ಕರಡಿಗೆ ಒತ್ತಿ ಒತ್ತಿ ಜಡ್ಡುಗಟ್ಟಿದೆ ಎಂದು ಅವರು ತಾವೇ ತೀರ್ಮಾನ ಮಾಡಿಕೊಂಡಿದ್ದರು. ಶಿವನ ಸಹವಾಸದಿಂದ ಕೆಡುಕಾಗುವುದುಂಟೆ ಎಂಬ ಧೈರ್ಯ ಬೇರೆ! ಭಕ್ತರಿಗೆ ಮಾತ್ರ ಸಾಧ್ಯವಾದ ಇಂಥ ತಪ್ಪಿಗೆ ನಗಬೇಕೋ ಅಳಬೇಕೋ ನನಗೆ ಇವತ್ತಿಗೂ ತಿಳಿಯದು.

ಗಂಟು ಬೆಳೆದ ಮೇಲೆ ನನಗೆ ಹೇಳಿದರು. ಕಡೂರಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಮಾರನೆಯ ದಿನವೇ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸೂಜಿ ಹಾಕಿ ತುಣುಕು ತೆಗೆದರು. ಕ್ಯಾನ್ಸರ್ ಎಂಬ ವರದಿ ಬಂದ ದಿನ, ನಾನು ಟೀಚರು ಎಂದು ತಿಳಿದ ಡಾಕ್ಟರಮ್ಮ ಕಂಪ್ಯೂಟರಿನ ತೆರೆಯ ಮೇಲೆ ಆ ತುಣುಕಿನ ಚಿತ್ರವನ್ನೇ ತೋರಿಸಿದರು.

ಓದುಗ ಮಿತ್ರರೇ, ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ಸುಂದರವಾಗಿತ್ತು. ಜೀವಕಣಗಳ ಅಂಚಿನಲ್ಲಿ, ಪರೀಕ್ಷೆಗೆಂದು ಹಾಕಿದ ಕಂದು ಬಣ್ಣ ಗಾಢವಾಗಿ ಹತ್ತಿತ್ತು. ಹರ್-ಟು ಎಂಬ ಗುರುತು ಅದು, ಗಡ್ಡೆಯ ಸ್ವಭಾವವನ್ನು ಹೇಳುವ ಮಾರ್ಕರು. ಗಡ್ಡೆ ಎಷ್ಟೇ ಜೋರಿನದಾದರೂ ರಕ್ತವಿಲ್ಲದೆ ಸಾಸಿವೆ ಕಾಳಿನ ಗಾತ್ರ ದಾಟಿ ಹೆಚ್ಚು ಬೆಳೆಯಲಾರದಂತೆ. ಅದಕ್ಕಾಗಿ ಅದು ಸುತ್ತಲಿನ ರಕ್ತನಾಳಗಳಿಗೆ ರಾಸಾಯನಿಕದ ಕರೆ ಕಳಿಸುತ್ತದೆ; ಕರೆ ಕೇಳಿದ ನಾಳಗಳು ಹೊಸ ಕವಲೊಡೆದು ಅದರತ್ತ ಬಾಗುತ್ತವೆ. ಈ ಗುರುತು ಗಾಢವಾಗಿರುವ ಕಡೆ ಆ ಕರೆಯೂ ಅನೇಕ ಸಲ ಜೋರಾಗಿರುತ್ತದೆ, ಆದರೆ ಯಾವಾಗಲೂ ಅಲ್ಲ, ಗುರುತು ಸುಳಿವಷ್ಟೇ, ತೀರ್ಪಲ್ಲ ಎಂದು ಡಾಕ್ಟರಮ್ಮ ಎಚ್ಚರಿಸಿದರು. ದುಗ್ಧರಸ ಹರಿಯುವ ತೆಳು ನಾಳಗಳನ್ನೂ ಗಡ್ಡೆ ಹೀಗೆಯೇ ಒಲಿಸಿಕೊಳ್ಳಬಲ್ಲದು. ಕಂಕುಳಿನ ಗ್ರಂಥಿಗಳಿಗೆ ಅದರ ಕಣಗಳು ಪಯಣ ಹೊರಡುವುದು ಆ ದಾರಿಯಲ್ಲಿ. ಗರ್ಭದಲ್ಲಿ ನಾಳ ಹೆಣೆದು ನಮ್ಮನ್ನು ಕಟ್ಟಿದ ಕುಶಲತೆಯನ್ನೇ ಕದ್ದು ನಮ್ಮನ್ನು ಕೆಡವಲು ಹೊರಟ ಈ ಪುಟ್ಟ ಕಳ್ಳನನ್ನು ಕಂಡು ಬೆರಗಾದೆ, ಮರುಗಳಿಗೆಗೆ ಪಕ್ಕದಲ್ಲಿ ಕೂತಿದ್ದ ಅತ್ತಿಗೆಯ ಮುಖ ನೋಡಿ ನನ್ನ ಬೆರಗಿನ ಮೇಲೇ ಸಿಟ್ಟು ಬಂತು.

ಅತ್ತಿಗೆಯ ಕಂಕುಳಿನ ಒಂದು ಗ್ರಂಥಿಯಲ್ಲೂ ಆ ಕಣಗಳು ಸಿಕ್ಕಿದ್ದವು. ಮೊದಲು ಔಷಧಿ, ಆಮೇಲೆ ಶಸ್ತ್ರಚಿಕಿತ್ಸೆ, ಆ ಗುರುತನ್ನೇ ಹುಡುಕಿ ಹಿಡಿಯುವ ಮದ್ದೂ ಈಗ ಇದೆ ಎಂದು ಡಾಕ್ಟರಮ್ಮ ಹೇಳುತ್ತಿದ್ದಂತೆಯೇ ಅತ್ತಿಗೆ ಸೆರಗು ಹೊದ್ದು ಎದ್ದುಬಿಟ್ಟರು.

"ಕಂಕುಳಿಗೂ ಬಂದೈತೆ ಅಂದ್ಮೇಲೆ ಇನ್ನೇನೈತೆ? ಊರಿಗೆ ಹೋಗಣ ನಡಿಯೇ."

ಹೊರಗಿನ ಬೆಂಚಿನ ಮೇಲೆ ಅವರನ್ನು ಹೇಗೋ ಕೂರಿಸಿದೆ. ನನಗೆ ಭಯ, ಅವರು ಬಸ್ಸು ಹತ್ತಿಬಿಟ್ಟರೆ ಮತ್ತೆ ಕರೆತರುವುದು ಆಗದ ಮಾತು. ಅಣ್ಣ ಹೋದ ಮೇಲೆ ತೆಂಗಿನ ತೋಟವನ್ನು ಒಬ್ಬರೇ ನಿಭಾಯಿಸಿದ, ತೂಬಿನ ನೀರಿಗಾಗಿ ಗಂಡಸರ ಎದುರು ನಿಂತು ಜಗಳವಾಡಿ ಗೆದ್ದ ಹೆಂಗಸು ಅವರು. ಹಟಕ್ಕೆ ಬಿದ್ದರೆ ಬಿದ್ದಂತೆಯೇ. ಗೋಗರೆಯುವ ಬದಲು, ತೆರೆಯ ಮೇಲೆ ಕಂಡದ್ದನ್ನು ನನಗೆ ಬಂದ ಹಾಗೆ ಹೇಳತೊಡಗಿದೆ. ಗಂಟು ತನ್ನ ಹೊಟ್ಟೆಗೆ ತಾನೇ ಕಾಲುವೆ ತೋಡಿಸಿಕೊಂಡಿದೆ, ಮೈಯ ನೆತ್ತರನ್ನು ತನ್ನ ಕಡೆ ತಿರುಗಿಸಿಕೊಂಡಿದೆ ಎಂದೆ. ಅವರು ನನ್ನ ಕಡೆ ತಿರುಗಿ, ಔಷಧಿಯನ್ನು ಎಲ್ಲಿಗೆ ಕೊಡುತ್ತಾರೆ ಎಂದು ಕೇಳಿದರು. ರಕ್ತಕ್ಕೆ ಎಂದೆ.

"ಹಂಗಾದ್ರೆ ಅದು ತೋಡಿಸ್ಕಂಡಿರೋ ಕಾಲ್ವೇಲೇ ಅದ್ರ ಬುಡಕ್ಕೆ ಹೋಗ್ತೈತಲ್ಲೇ," ಎಂದರು ಅತ್ತಿಗೆ. ನನ್ನ ಉತ್ತರಕ್ಕೂ ಕಾಯಲಿಲ್ಲ. ಎದ್ದು ಒಳಗೆ ಹೋಗಿ, ಔಷಧಿಗೆ ಮುಂಚಿನ ರಕ್ತಪರೀಕ್ಷೆಗೆಂದು ಸೂಜಿ ಹಿಡಿದು ನಿಂತಿದ್ದ ನರ್ಸಿನ ಮುಂದೆ ಕೂತು, ರವಿಕೆಯ ತೋಳು ಮೇಲಕ್ಕೇರಿಸಿ, ಬಲಗೈಯನ್ನು ನೀಡಿದರು.